ಪೈಪು ಮೊದಲೋ, ರಸ್ತೆ ಮೊದಲೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಊರಿನ ರಸ್ತೆ ಮತ್ತು ಕುಡಿಯುವ ನೀರಿನ ಯೋಜನೆಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರನ್ನೂ ಊರಿನ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇವೆ. ಪ್ರಶ್ನೆಗಳನ್ನು ಚುಟುಕಾಗಿಸಿದ್ದೇವೆ, ಉತ್ತರಗಳನ್ನು ಚುಟುಕಾಗಿಸಲು ಆಗಿಲ್ಲ.

ನಮ್ಮ ಪುರಸಭೆಗೆ ಈ ವರ್ಷ ರಸ್ತೆಗೆಂದು ಅನುದಾನ ಬಂದಿದೆ. ನದಿ ನೀರಿನ ಹೊಸ ಯೋಜನೆಯೂ ಮಂಜೂರಾಗಿದೆ, ಆದರೆ ಪೈಪ್‌ಲೈನ್ ಕೆಲಸ ಶುರುವಾಗಲು ಎರಡು ಮೂರು ವರ್ಷ ಬೇಕಂತೆ. ಈಗ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ ಮಾಡಿಸಿದರೆ ಆಮೇಲೆ ಅಗೆಯುತ್ತಾರೆ. ಮಾಡಿಸದಿದ್ದರೆ ದುಡ್ಡು ವಾಪಸ್ ಹೋಗುತ್ತದೆ ಅನ್ನುತ್ತಾರೆ. ಏನು ಮಾಡುವುದು? (ತುಮಕೂರು ಜಿಲ್ಲೆ)

ದುಡ್ಡು ವಾಪಸ್ ಹೋಗುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಹಾಗಂತ ಸಿಕ್ಕ ಬೀದಿಗೆಲ್ಲ ಕಾಂಕ್ರೀಟ್ ಸುರಿಯಬೇಕಾಗಿಯೂ ಇಲ್ಲ. ಕ್ರಿಯಾಯೋಜನೆ ಮಾಡುವ ಮೊದಲೇ ಊರಿನ ಬೀದಿಗಳನ್ನು ಮೂರು ಗುಂಪು ಮಾಡಿ. ಇತ್ತೀಚೆಗೆ ಪೈಪು ಬದಲಾಗಿ, ಒಳಚರಂಡಿಯೂ ಮುಗಿದಿರುವ ಬೀದಿಗಳು ಮೊದಲನೆಯವು. ಅಲ್ಲಿ ಈಗಲೇ ಸಿಸಿ ಮಾಡಿಸಬಹುದು. ಹೊಸ ಯೋಜನೆಯಲ್ಲಿ ಪೈಪು ಹಾಯುವ ಬೀದಿಗಳು ಎರಡನೆಯವು. ಅಲ್ಲಿ ಈ ವರ್ಷ ಚರಂಡಿ, ಅಡಿಪಾಯದ ಜಲ್ಲಿ ಪದರ, ಬೇಕಿದ್ದರೆ ತೆಳು ಡಾಂಬರು, ಅಷ್ಟಕ್ಕೇ ನಿಲ್ಲಿಸಿ. ಎರಡೂ ಆಗಿಲ್ಲದ, ಯಾವಾಗ ಆಗುತ್ತದೆಂದು ಯಾರಿಗೂ ಗೊತ್ತಿಲ್ಲದ ಬೀದಿಗಳು ಮೂರನೆಯವು. ಅಲ್ಲಿ ಸಿಸಿ ಬೇಡವೇ ಬೇಡ. ಗುಂಡಿ ಮುಚ್ಚಿ, ನೀರು ಹರಿದುಹೋಗುವಂತೆ ಮಾಡಿ, ಅಷ್ಟು ಸಾಕು.

ಈ ಪಟ್ಟಿ ಮಾಡಲು ಬೇಕಾದ ಕಾಗದ ಒಂದೇ: ಹೊಸ ಯೋಜನೆಯ ವಿತರಣಾ ಜಾಲದ ನಕ್ಷೆ. ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಎಂಜಿನಿಯರ್ ಹತ್ತಿರ ಅದು ಇರುತ್ತದೆ. ಪುರಸಭೆಯ ಎಂಜಿನಿಯರ್ ಹತ್ತಿರ ಇರುತ್ತದೆಂಬ ಖಾತ್ರಿ ಇಲ್ಲ. ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸಿ ವಾರ್ಡುವಾರು ಬಣ್ಣ ಹಚ್ಚಿಸಿದರೆ ಅರ್ಧ ಕೆಲಸ ಆದಂತೆ. ಸಾಮಾನ್ಯ ಸಭೆಯಲ್ಲಿ ಆ ನಕ್ಷೆಗೆ ಠರಾವು ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಮಾರ್ಚ್‌ನಲ್ಲಿ ಪಟ್ಟಿ ಮತ್ತೆ ಬದಲಾಗುತ್ತದೆ.

ಎರಡನೇ ಗುಂಪಿನ ಬೀದಿಯಲ್ಲಿ ಸಿಸಿ ಮಾಡಲೇಬೇಕು ಎಂಬ ಒತ್ತಡ ಬಂದರೆ ಎರಡು ದಾರಿಗಳಿವೆ. ಒಂದು, ರಸ್ತೆಯ ಎರಡೂ ಅಂಚಿನಲ್ಲಿ ಚರಂಡಿಗೆ ತಾಗಿ ಸುಮಾರು ಒಂದು ಮೀಟರ್ ಪಟ್ಟಿಯನ್ನು ಕಾಂಕ್ರೀಟ್ ಮಾಡದೆ ಇಂಟರ್‌ಲಾಕ್ ಬ್ಲಾಕ್ ಹಾಕುವುದು. ಪೈಪು ಹಾಕುವಾಗ ಬ್ಲಾಕ್ ತೆಗೆದು ಮತ್ತೆ ಜೋಡಿಸಬಹುದು. ಇನ್ನೊಂದು, ಕಾಂಕ್ರೀಟ್ ಬೀಳುವ ಮೊದಲೇ ಅಡ್ಡ ತೂತುಗಳನ್ನು ಬಿಡುವುದು. ಕೊಳವೆ ಒಂದು ಬದಿಯಲ್ಲಿ ಇರುತ್ತದೆ, ಮನೆಗಳು ಎರಡೂ ಬದಿಯಲ್ಲಿ. 100 ಮೀಟರ್ ಬೀದಿಯಲ್ಲಿ 30-40ರ (ಬೀದಿ ಕಡೆ 30 ಅಡಿ, ಒಳಕ್ಕೆ 40 ಅಡಿ) ಸೈಟುಗಳಿದ್ದರೆ ಎದುರು ಬದಿಯಲ್ಲೇ ಸುಮಾರು 11 ಮನೆ. ಮುಂಚೆ ಯೋಚಿಸದಿದ್ದರೆ ಒಂದೇ ಬೀದಿಗೆ ಹನ್ನೊಂದು ಕಡೆ ಅಡ್ಡ ಕಟಿಂಗ್. ಎರಡೆರಡು ಮನೆಗೆ ಒಂದರಂತೆ, ಅಂದರೆ ಸುಮಾರು 18 ಮೀಟರ್‌ಗೊಂದು, 75 ಮಿಮೀ ಪಿವಿಸಿ ಪೈಪನ್ನು ಅಡ್ಡಲಾಗಿ ಹೂತು, ಎರಡೂ ತುದಿಗೆ ಮುಚ್ಚಳ ಹಾಕಿ, ಚರಂಡಿ ಗೋಡೆಯ ಮೇಲೆ ಬಣ್ಣದ ಗುರುತು ಬಿಟ್ಟರೆ ಮುಂದೆ 20 ಮಿಮೀ ನೀಲಿ ಪೈಪನ್ನು ಅದರೊಳಗೆ ತೂರಿಸಿಕೊಳ್ಳಬಹುದು. ಗುರುತು ಬಿಡದಿದ್ದರೆ ಹೂತ ಪೈಪು ಹೂತೇ ಹೋಯಿತು.

ಅಗೆದ ರಸ್ತೆ ಕುಸಿಯುವುದೇಕೆ ಎಂಬುದನ್ನೂ ಹೇಳಿಬಿಡುತ್ತೇವೆ. ಪೈಪಿನ ಮೇಲೆ ಕನಿಷ್ಠ 1 ಮೀಟರ್ ಮಣ್ಣು, ಕೆಳಗೆ 10ರಿಂದ 15 ಸೆಂಮೀ ಮರಳು ಇರಬೇಕು. 110 ಮಿಮೀ ಪೈಪಾದರೆ ಕಾಲುವೆಯ ಆಳ ಹತ್ತಿರ ಹತ್ತಿರ 1.25 ಮೀಟರ್. ಇದನ್ನು 15ರಿಂದ 20 ಸೆಂಮೀ ಪದರಗಳಲ್ಲಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಮಾಡಿ ಮುಚ್ಚಬೇಕು. ಅಂದರೆ ಆರೇಳು ಪದರ. ನಡೆಯುವುದು ಏನೆಂದರೆ, ಜೆಸಿಬಿ ಒಂದೇ ಸಲ ಮಣ್ಣು ಎಳೆದು ಹಾಕಿ, ಮೇಲೆ ಬಕೆಟ್‌ನಿಂದ ಎರಡು ಸಲ ಬಡಿದು ಹೋಗುತ್ತದೆ. ಮುಂಗಾರಿನ ಮೊದಲ ಎರಡು ಮಳೆಗೆ ಅದು ಒಂದು ಗೇಣು ಇಳಿಯುತ್ತದೆ. ಒತ್ತಡ ಪರೀಕ್ಷೆ ಮಾಡದೆ ಕಾಲುವೆ ಮುಚ್ಚಿದರೂ ಇದೇ ಗತಿ: ಸೋರುವ ಜಾಯಿಂಟು ಮಣ್ಣಿನೊಳಗೇ ಉಳಿದು, ರಸ್ತೆಯ ಕೆಳಗಿನ ಮಣ್ಣು ಸವೆದು ಟೊಳ್ಳಾಗುತ್ತದೆ.

2001ರಲ್ಲಿ ನಮ್ಮೂರ ಜನಸಂಖ್ಯೆ 26 ಸಾವಿರ, 2011ರಲ್ಲಿ 32 ಸಾವಿರ. ಹೊಸ ವರದಿಯಲ್ಲಿ 2051ಕ್ಕೆ 65 ಸಾವಿರ ಜನ, ದಿನಕ್ಕೆ 103 ಲಕ್ಷ ಲೀಟರ್ ಎಂದಿದೆ. ಈಗ ಬರುತ್ತಿರುವುದು 30 ಲಕ್ಷ ಲೀಟರ್. ಲೆಕ್ಕ ಉಬ್ಬಿಸಿದ್ದಾರೆಯೇ? (ಪುರಸಭೆ ಸದಸ್ಯೆ, ಹಾವೇರಿ ಜಿಲ್ಲೆ)

ಉಬ್ಬಿಸಿಲ್ಲ. ಆದರೆ ಪ್ರಶ್ನೆ ಕೇಳಿದ್ದು ಸರಿ, ಲೆಕ್ಕವನ್ನು ನೀವೇ ಮಾಡಿ ನೋಡಿ. ಹತ್ತು ವರ್ಷಕ್ಕೆ 6 ಸಾವಿರ ಜನ ಹೆಚ್ಚಿದ್ದಾರೆ. ಮುಂದೆಯೂ ಅಷ್ಟೇ ಹೆಚ್ಚುತ್ತಾರೆಂದರೆ 2051ಕ್ಕೆ 56 ಸಾವಿರ. ಹೆಚ್ಚಿದ್ದನ್ನು ಶೇಕಡಾವಾರು ಹಿಡಿದರೆ, ಅಂದರೆ ದಶಕಕ್ಕೆ ಶೇ 23ರಂತೆ, 73 ಸಾವಿರ ದಾಟುತ್ತದೆ. ಎರಡರ ನಡುವಿನ ಸಂಖ್ಯೆಯೇ 65 ಸಾವಿರ. ಊರಿನ ಸುತ್ತ ಹೊಸ ಬಡಾವಣೆ, ಕಾಲೇಜು, ಗಾರ್ಮೆಂಟ್ ಕಾರ್ಖಾನೆ ಬರುತ್ತಿದ್ದರೆ ಮೇಲಿನ ಸಂಖ್ಯೆಯ ಕಡೆ ವಾಲಬೇಕು. ಹಳ್ಳಿಗಳು ಪುರಸಭೆ ವ್ಯಾಪ್ತಿಗೆ ಸೇರಲಿದ್ದರೆ ಅವುಗಳ ಜನರನ್ನು ಬೇರೆಯಾಗಿ ಕೂಡಿಸಬೇಕು.

ಒಳಚರಂಡಿ ಇರುವ ಅಥವಾ ಬರಲಿರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರದ ಕೈಪಿಡಿಯ ಅಳತೆ. 65 ಸಾವಿರಕ್ಕೆ 135 ಅಂದರೆ 87.75 ಲಕ್ಷ ಲೀಟರ್. ದಾರಿಯಲ್ಲಿ ಶೇ 15ರಷ್ಟು ಸೋರುತ್ತದೆಂದು ಬಿಟ್ಟರೆ 103 ಲಕ್ಷ. ಲೆಕ್ಕ ಸರಿ ಬಂತು.

ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಮೊದಲನೆಯದು, ಎಲ್ಲವನ್ನೂ 2051ಕ್ಕೇ ಕಟ್ಟುತ್ತಿದ್ದಾರೆಯೇ? ಪೈಪು, ಜಾಕ್‌ವೆಲ್ (ನದಿಯಿಂದ ನೀರೆತ್ತುವ ಬಾವಿ) ಕಟ್ಟಡ ಇವನ್ನು 30 ವರ್ಷಕ್ಕೆ ಲೆಕ್ಕ ಹಾಕುವುದು ಸರಿ, ಏಕೆಂದರೆ ಅವನ್ನು ಮತ್ತೆ ಮತ್ತೆ ಹಾಕಲು ಆಗುವುದಿಲ್ಲ. ಪಂಪು, ಮೋಟಾರು, ಶುದ್ಧೀಕರಣ ಘಟಕ 15 ವರ್ಷದ ಲೆಕ್ಕಕ್ಕೆ ಸಾಕು. ಜಾಗ ಮಾತ್ರ ಮುಂದಿನ ಹಂತಕ್ಕೂ ಸೇರಿಸಿ ಈಗಲೇ ಹಿಡಿದಿರಬೇಕು. 30 ವರ್ಷದ ಪಂಪನ್ನು ಇವತ್ತೇ ಕೂರಿಸಿದರೆ ಅದು ಅರ್ಧ ಹೊರೆಯಲ್ಲಿ ಓಡಿ, ಕರೆಂಟ್ ತಿಂದು, ಬೇಡಿಕೆ ಬರುವಷ್ಟರಲ್ಲಿ ತಾನೇ ಮುದಿಯಾಗಿರುತ್ತದೆ.

ಎರಡನೆಯದು, ಪಂಪು ದಿನಕ್ಕೆ ಎಷ್ಟು ಗಂಟೆ ಓಡುತ್ತದೆಂದು ಹಿಡಿದಿದ್ದಾರೆ? 103 ಲಕ್ಷ ಲೀಟರನ್ನು 16 ಗಂಟೆಯಲ್ಲಿ ಎತ್ತಬೇಕಾದರೆ ಸೆಕೆಂಡಿಗೆ ಸುಮಾರು 179 ಲೀಟರ್. ಅದಕ್ಕೆ 500 ಮಿಮೀ ಪೈಪು ಬೇಕು. 22 ಗಂಟೆ ಓಡಿದರೆ ಸೆಕೆಂಡಿಗೆ 130 ಲೀಟರ್, 400 ಮಿಮೀ ಸಾಕು. ಅಂದರೆ ಜಾಕ್‌ವೆಲ್‌ಗೆ ಪ್ರತ್ಯೇಕ ಎಕ್ಸ್‌ಪ್ರೆಸ್ ಫೀಡರ್ (ಅದಕ್ಕೆಂದೇ ಎಳೆದ ವಿದ್ಯುತ್ ಲೈನು) ಬರುತ್ತದೋ ಇಲ್ಲವೋ ಎಂಬುದರ ಮೇಲೆ ಪೈಪಿನ ಅಡ್ಡಳತೆ ನಿಂತಿದೆ. ಹಳ್ಳಿಯ ಲೈನಿಗೇ ಜೋಡಿಸಿ, ಕಾಗದದಲ್ಲಿ ಮಾತ್ರ 22 ಗಂಟೆ ಬರೆದಿದ್ದರೆ ಮೊದಲ ಬೇಸಿಗೆಯಲ್ಲೇ ನೀರು ಕಮ್ಮಿ ಬೀಳುತ್ತದೆ.

ಮೂರನೆಯದು, ಅಂದಾಜು ಇಳಿಸಲು ಪೈಪನ್ನು ಒಂದು ಸೈಜು ಸಣ್ಣ ಮಾಡಿದ್ದಾರೆಯೇ? ಅದೇ 130 ಲೀಟರನ್ನು 400 ಮಿಮೀ ಬದಲು 350 ಮಿಮೀ ಡಿಐ (ಡಕ್ಟೈಲ್ ಕಬ್ಬಿಣದ) ಪೈಪಿನಲ್ಲಿ 12 ಕಿಮೀ ತಳ್ಳಿದರೆ ಘರ್ಷಣೆಯ ನಷ್ಟ (ನೀರನ್ನು ಅಷ್ಟು ಹೆಚ್ಚು ಎತ್ತರಕ್ಕೆ ಎತ್ತಿದಂತೆ) ಸುಮಾರು 27 ಮೀಟರ್‌ನಿಂದ 51 ಮೀಟರಿಗೆ ಏರುತ್ತದೆ. ಆ 24 ಮೀಟರ್ ಹೆಚ್ಚಿನ ಎತ್ತರಕ್ಕೆ ಸುಮಾರು 44 ಕಿಲೋವ್ಯಾಟ್ ಬೇಕು. ವರ್ಷಕ್ಕೆ ಮೂರೂವರೆ ಲಕ್ಷ ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ವರ್ಷ ವರ್ಷವೂ 21 ಲಕ್ಷ ರೂಪಾಯಿ. ಪೈಪು ಕೊಳ್ಳುವಾಗ ಅನುದಾನ ಸಿಗುತ್ತದೆ. ಕರೆಂಟ್ ಬಿಲ್ ಕಟ್ಟುವಾಗ ಪುರಸಭೆ ಒಂಟಿ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ. ಕೊಟ್ಟ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ. ದಿನಕ್ಕೆ 70 ಲಕ್ಷ ಲೀಟರ್. ಅದು ಹೋಗಲು ಒಳಚರಂಡಿ, ಕೊನೆಗೊಂದು ಸಂಸ್ಕರಣಾ ಘಟಕ ಯೋಜನೆಯಲ್ಲಿ ಇಲ್ಲದಿದ್ದರೆ ಅಷ್ಟೂ ನಿಮ್ಮೂರ ಕೆರೆಗೇ ಇಳಿಯುತ್ತದೆ.

ನಮ್ಮೂರಿಗೆ ನೀರು ಕಾಲುವೆಯಿಂದ ಬರುತ್ತದೆ. ಕಾಲುವೆ ನಿಂತ ಮೇಲೆ ಕೆರೆಯ ನೀರೇ ಗತಿ. 60 ಎಕರೆ ಕೆರೆ ಇದೆ, ಮುಂದಿನ 30 ವರ್ಷಕ್ಕೆ ಸಾಕೇ? (ಕೊಪ್ಪಳ ಜಿಲ್ಲೆ)

ಎಕರೆಯಿಂದ ಹೇಳಲು ಬರುವುದಿಲ್ಲ, ಆಳ ಬೇಕು. ನಿಮ್ಮೂರೂ ಮೇಲೆ ಹೇಳಿದ ಊರಿನಷ್ಟೇ ದೊಡ್ಡದು, ದಿನಕ್ಕೆ 103 ಲಕ್ಷ ಲೀಟರ್ ಬೇಕು, ಕಾಲುವೆ 90 ದಿನ ಬಂದ್ ಇರುತ್ತದೆ ಎಂದಿಟ್ಟುಕೊಳ್ಳಿ. ಬಳಕೆಗೇ 92.7 ಕೋಟಿ ಲೀಟರ್. ಬಯಲುಸೀಮೆಯ ಬೇಸಿಗೆಯಲ್ಲಿ ದಿನಕ್ಕೆ 6-7 ಮಿಮೀ ಆವಿಯಾಗುತ್ತದೆ. 90 ದಿನಕ್ಕೆ ಸುಮಾರು 60 ಸೆಂಮೀ. 60 ಎಕರೆಯ ಮೇಲೆ ಅದು 14 ಕೋಟಿ ಲೀಟರ್ ದಾಟುತ್ತದೆ. ಒಟ್ಟು 107 ಕೋಟಿ. ಇದಕ್ಕೆ ಕೆರೆಯ ಸರಾಸರಿ ಆಳ, ಹೂಳು ಬಿಟ್ಟು, ತಳದಲ್ಲಿ ಎತ್ತಲಾಗದ ನೀರು ಬಿಟ್ಟು, 4.4 ಮೀಟರ್ ಇರಬೇಕು. ಇಂಗುವುದು ಬೇರೆ.

ಹೀಗಾಗಿ ಮೊದಲು ಕೆರೆಯ ತಳದ ಸರ್ವೆ ಮಾಡಿಸಿ. ಹೂಳೆತ್ತುವ ಟೆಂಡರ್ ಆಮೇಲೆ. ಸರ್ವೆ ಇಲ್ಲದೆ ಹೂಳೆತ್ತಿದರೆ ಏರಿಯ ಬುಡದ ಜೇಡಿಯನ್ನೂ ಕೆರೆದು, ನೀರು ಇಂಗಿಹೋಗುವ ಹಾಗೆ ಮಾಡಿದ ಉದಾಹರಣೆಗಳಿವೆ. ದಾವಣಗೆರೆ ನಗರ ಕುಂದವಾಡ ಕೆರೆಯಲ್ಲಿ ಭದ್ರಾ ಕಾಲುವೆಯ ನೀರು ತುಂಬಿಸಿಟ್ಟುಕೊಂಡು ಬಳಸುತ್ತದೆ. ನಿಮ್ಮ ಸದಸ್ಯರು ಅಲ್ಲಿಗೆ ಒಮ್ಮೆ ಹೋಗಿ, ಕಾಲುವೆ ನಿಂತ ದಿನದಿಂದ ಮಟ್ಟವನ್ನು ಹೇಗೆ ಬರೆದಿಡುತ್ತಾರೆಂದು ಕೇಳಿದರೆ ಸಭೆಯ ಚರ್ಚೆಗಿಂತ ಹೆಚ್ಚು ತಿಳಿಯುತ್ತದೆ.

ನಮ್ಮದು ಕರಾವಳಿ. ಮಳೆಗೆ ಬರವಿಲ್ಲ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ರೇಷನಿಂಗ್. ಇದು ಯಾವ ನ್ಯಾಯ? (ಉಡುಪಿ ಜಿಲ್ಲೆ)

ಮಳೆ ಎಷ್ಟು ಬಿತ್ತು ಎನ್ನುವುದಕ್ಕಿಂತ ಎಷ್ಟು ಹಿಡಿದಿಟ್ಟಿರಿ ಎನ್ನುವುದು ಲೆಕ್ಕಕ್ಕೆ ಬರುತ್ತದೆ. ಕರಾವಳಿಯ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬಿದ್ದು ಸಮುದ್ರ ಸೇರುತ್ತದೆ. ಉಡುಪಿಯ ಬಜೆ, ಮಂಗಳೂರಿನ ತುಂಬೆ ಇವು ದೊಡ್ಡ ಜಲಾಶಯಗಳಲ್ಲ. ಸ್ವರ್ಣಾ ಮತ್ತು ನೇತ್ರಾವತಿಯ ಹರಿವಿಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟಿನಂಥವು. ಬೇಸಿಗೆಯಲ್ಲಿ ಒಳಹರಿವು ನಿಂತ ದಿನದಿಂದ ಅಲ್ಲಿ ದಿನಗಣನೆ ಶುರು. ನಿಮ್ಮೂರಿನ ಯೋಜನೆಯಲ್ಲಿ ನೋಡಬೇಕಾದದ್ದು ವಾರ್ಷಿಕ ಮಳೆಯ ಅಂಕಿ ಅಲ್ಲ, ನದಿಯ ಏಪ್ರಿಲ್-ಮೇ ತಿಂಗಳ ಹರಿವಿನ ಹತ್ತಾರು ವರ್ಷಗಳ ದಾಖಲೆ. ಮೇಲ್ಭಾಗದಲ್ಲಿ ಹೊಸದಾಗಿ ಎಷ್ಟು ಪಂಪ್‌ಸೆಟ್ ಕೂತಿವೆ ಎನ್ನುವುದನ್ನೂ ಸೇರಿಸಿ. ಹಳೇ ಬಾವಿಗಳನ್ನು ಮುಚ್ಚಿ ಸೈಟು ಮಾಡುವುದಕ್ಕೆ ಪರವಾನಗಿ ಕೊಡುವುದನ್ನು ನಿಲ್ಲಿಸಿದರೆ ಅದೇ ಒಂದು ನೀರಿನ ಯೋಜನೆ.

ನಮ್ಮ ಬೀದಿಯಲ್ಲಿ ಮುಂದಿನ ವಾರ ಸಿಸಿ ರಸ್ತೆ ಕೆಲಸ ಶುರು. ಎಂಜಿನಿಯರ್ ದಿನಕ್ಕೊಮ್ಮೆ ಬಂದು ಹೋಗುತ್ತಾರಂತೆ. ನಾವು ನಿವಾಸಿಗಳು ನಿಂತು ಏನೇನು ನೋಡಬಹುದು? (ಮಂಡ್ಯ ಜಿಲ್ಲೆ)

ಮೊದಲು ಅಂದಾಜು ಪಟ್ಟಿಯ ಒಂದು ಪ್ರತಿ ಕೈಯಲ್ಲಿರಲಿ. ಅದರಲ್ಲಿ ದಪ್ಪ, ಅಗಲ, ಕಾಂಕ್ರೀಟಿನ ದರ್ಜೆ ಬರೆದಿರುತ್ತದೆ. ಬೀದಿ ರಸ್ತೆಗಳಿಗೆ ಸಾಮಾನ್ಯವಾಗಿ 15ರಿಂದ 20 ಸೆಂಮೀ ದಪ್ಪ, ಎಂ-30 ದರ್ಜೆ (ಕಾಂಕ್ರೀಟಿನ ಬಲದ ಅಳತೆ). ಕೆಳಗೆ ಗಟ್ಟಿ ಮಾಡಿದ ಜಲ್ಲಿ ಪದರ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಹಾಳೆ ಏಕೆಂದರೆ ಕಾಂಕ್ರೀಟಿನ ನೀರನ್ನು ಕೆಳಗಿನ ಪದರ ಹೀರಬಾರದು, ಮತ್ತು ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಕಾಂಕ್ರೀಟು ಜಾರಬೇಕು. ಹಳೇ ರಸ್ತೆಯ ಮೇಲೇ ನೇರ ಸುರಿಯಲು ಬಂದರೆ ಅಲ್ಲೇ ತಡೆಯಿರಿ: ರಸ್ತೆ ಏರಿ ಮನೆಯ ಹೊಸ್ತಿಲು ತಗ್ಗಾಗುತ್ತದೆ, ಮಳೆನೀರು ಒಳಗೆ ಬರುತ್ತದೆ.

ದಪ್ಪವನ್ನು ಅಂಚಿನಲ್ಲಿ ಅಳೆದು ಸಮಾಧಾನಪಡಬೇಡಿ. ಅಂಚಿಗೆ ಕಬ್ಬಿಣದ ಚಾನೆಲ್ ಕಟ್ಟಿರುತ್ತಾರೆ, ಅಲ್ಲಿ 20 ಸೆಂಮೀ ಇದ್ದೇ ಇರುತ್ತದೆ. ನಡುವೆ ಜಲ್ಲಿಯನ್ನು ಉಬ್ಬಿಸಿಟ್ಟರೆ ಕಾಂಕ್ರೀಟು 12ಕ್ಕೆ ಇಳಿದಿರುತ್ತದೆ. ಎರಡು ಚಾನೆಲ್‌ಗಳ ಮೇಲೆ ದಾರ ಬಿಗಿದು, ದಾರದಿಂದ ಪ್ಲಾಸ್ಟಿಕ್ ಹಾಳೆಯವರೆಗೆ ಟೇಪು ಇಳಿಸಿ. ಐದಾರು ಕಡೆ ಅಳೆದು ಫೋಟೊ ತೆಗೆದಿಡಿ. ಈ ಒಂದು ಕೆಲಸ ಕಾಂಕ್ರೀಟು ಬೀಳುವ ಮೊದಲು ಆಗಬೇಕು. ಆಮೇಲೆ ಕೋರ್ (ದುಂಡು ತುಂಡು) ಕೊರೆಸದೆ ಗೊತ್ತಾಗುವುದಿಲ್ಲ.

ನಡುವಿನಿಂದ ಅಂಚಿಗೆ ಇಳಿಜಾರು ಶೇ 2ರ ಹತ್ತಿರ ಇರಬೇಕು. 6 ಮೀಟರ್ ಅಗಲದ ರಸ್ತೆಯಾದರೆ ನಡುಭಾಗ ಅಂಚಿಗಿಂತ 6 ಸೆಂಮೀ ಎತ್ತರ. ದಾರ ಬಿಗಿದಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲಾರಿ ಬಂದ ಮೇಲೆ ಮುಖ್ಯ ಶತ್ರು ನೀರಿನ ಪೈಪು. ಕಾಂಕ್ರೀಟು ಬಿಗಿಯಾಗಿದೆ, ಎಳೆಯಲು ಕಷ್ಟ ಎಂದು ಡ್ರಮ್ಮಿಗೆ ನೀರು ಬಿಡುತ್ತಾರೆ. ಸುಲಭವಾಗಿ ಹರಿಯುತ್ತದೆ, ಸಿಮೆಂಟಿನ ಹಾಲು ಮೇಲೆ ತೇಲುತ್ತದೆ, ಒಂದು ವರ್ಷದಲ್ಲಿ ಮೇಲ್ಮೈ ಪುಡಿಪುಡಿಯಾಗಿ ಜಲ್ಲಿ ಕಾಣಿಸುತ್ತದೆ. ಗಾಡಿ ಓಡಾಡಿದಾಗ ಏಳುವ ಬಿಳಿ ಧೂಳು ಆ ನೀರಿನ ಫಲ. ಲಾರಿಯ ಚೀಟಿಯಲ್ಲಿ ಪ್ಲಾಂಟಿನಿಂದ ಹೊರಟ ಸಮಯ ಬರೆದಿರುತ್ತದೆ, ಅದನ್ನೂ ಗಮನಿಸಿ.

ಕ್ಯೂಬು (ಬಲ ಪರೀಕ್ಷೆಗೆಂದು ಅಚ್ಚಿಗೆ ತುಂಬುವ ಕಾಂಕ್ರೀಟು) ತೆಗೆಯುವುದನ್ನು ಕಣ್ಣಾರೆ ನೋಡಿ. 100 ಮೀಟರ್ ಉದ್ದ, 5 ಮೀಟರ್ ಅಗಲ, 20 ಸೆಂಮೀ ದಪ್ಪ ಎಂದರೆ 100 ಘನ ಮೀಟರ್. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಇಷ್ಟಕ್ಕೆ ಕನಿಷ್ಠ ಐದು ಸ್ಯಾಂಪಲ್, ಒಂದೊಂದಕ್ಕೆ ಮೂರು ಕ್ಯೂಬು. ಕ್ಯೂಬಿನ ಮೇಲೆ ಹಸಿಯಿರುವಾಗಲೇ ದಿನಾಂಕ ಕೆತ್ತಿಸಿ, ಪಕ್ಕದಲ್ಲಿ ಯಾರಾದರೊಬ್ಬರು ಸಹಿ ಹಾಕಿ. ಪ್ರಯೋಗಾಲಯಕ್ಕೆ ಹೋಗುವ ಕ್ಯೂಬು ನಿಮ್ಮ ಬೀದಿಯದ್ದೇ ಆಗಿರಲಿ ಎಂಬುದಷ್ಟೇ ಇದರ ಉದ್ದೇಶ.

ಜಾಯಿಂಟು (ಬಿರುಕು ಎಲ್ಲೆಂದರಲ್ಲಿ ಬೀಳದಂತೆ ರಸ್ತೆಗೆ ಅಡ್ಡಲಾಗಿ ಹಾಕುವ ಸೀಳು) ಕತ್ತರಿಸುವುದನ್ನು ಗುತ್ತಿಗೆದಾರರು ಮುಂದೂಡುತ್ತಾರೆ, ಏಕೆಂದರೆ ಕಟರ್ ಮೆಷಿನ್ ಇನ್ನೊಂದು ಸೈಟಿನಲ್ಲಿರುತ್ತದೆ. 2.5ರಿಂದ 4 ಮೀಟರಿಗೊಂದರಂತೆ, ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ, ಹಾಕಿದ 24 ಗಂಟೆಯೊಳಗೆ ಕತ್ತರಿಸಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಹಾಕಿದ್ದಕ್ಕೆ ಅದೇ ರಾತ್ರಿ. ತಡವಾದರೆ ಕಾಂಕ್ರೀಟು ತನಗೆ ಬೇಕಾದಲ್ಲಿ ತಾನೇ ಬಿರುಕು ಬಿಡುತ್ತದೆ. ಮೂರನೇ ದಿನ ಬಿರುಕಿನ ಪಕ್ಕದಲ್ಲೇ ಕಟಿಂಗ್ ಹೊಡೆದು ಹೋಗುವುದು ನೋಡಲು ಚೆಂದ, ಉಪಯೋಗಕ್ಕಿಲ್ಲ.

ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಕನಿಷ್ಠ 14 ದಿನ. ಗೋಣಿಚೀಲ ಹಾಸಿ ಅಥವಾ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು. ಬೆಳಗ್ಗೆ ಒಂದು ಸಲ ಟ್ಯಾಂಕರ್ ಚಿಮುಕಿಸಿ ಹೋದರೆ ಹತ್ತು ಗಂಟೆಗೆ ಒಣಗಿರುತ್ತದೆ. ಇದರಲ್ಲಿ ನಿವಾಸಿಗಳದ್ದೂ ಪಾಲಿದೆ: ಮೂರನೇ ದಿನಕ್ಕೇ ಕಲ್ಲು ಸರಿಸಿ ಕಾರು ನುಗ್ಗಿಸುವವರು ಗುತ್ತಿಗೆದಾರರಲ್ಲ.

ಒಂದೇ ಜಾಗದಲ್ಲಿ ವರ್ಷಕ್ಕೆ ಎರಡು ಸಲ ಗುಂಡಿ. ಎಷ್ಟು ಮುಚ್ಚಿದರೂ ಮತ್ತೆ ಅಲ್ಲೇ. ಏಕೆ? (ಹಾಸನ ಜಿಲ್ಲೆ)

ಕೆಳಗೆ ನೀರಿದೆ. ಒಂದೋ ಸೋರುವ ಪೈಪು, ಇಲ್ಲವೇ ಚರಂಡಿಗೆ ದಾರಿ ಸಿಗದೆ ನಿಂತ ಮಳೆನೀರು. ಬೇಸಿಗೆಯಲ್ಲೂ ಆ ಜಾಗ ತೇವವಾಗಿದ್ದರೆ, ನಲ್ಲಿ ನೀರು ಬಿಟ್ಟ ದಿನ ಮಾತ್ರ ಒಸರಿದರೆ, ಅದು ಪೈಪೇ. ಮೊದಲು ನೀರುಗಂಟಿಯನ್ನು ಕರೆಸಿ, ಡಾಂಬರಿನವನನ್ನಲ್ಲ. ಸೋರಿಕೆ ಸರಿಯಾದ ಮೇಲೆ ಗುಂಡಿಯ ಅಂಚನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಕತ್ತರಿಸಿ, ಧೂಳು ಕೆಸರು ತೆಗೆದು, ತಳಕ್ಕೂ ಅಂಚಿಗೂ ಟ್ಯಾಕ್ ಕೋಟ್ (ಅಂಟಿಕೊಳ್ಳಲೆಂದು ತೆಳು ಡಾಂಬರು) ಬಳಿದು, ಬಿಸಿ ಮಿಶ್ರಣ ತುಂಬಿ ರೋಲ್ ಮಾಡಬೇಕು. ಮಿಶ್ರಣ 90 ಡಿಗ್ರಿಗಿಂತ ಆರಿದ ಮೇಲೆ ಎಷ್ಟು ರೋಲರ್ ಓಡಿಸಿದರೂ ಅಂಟುವುದಿಲ್ಲ. ಮಳೆಯಲ್ಲಿ ಜಲ್ಲಿಪುಡಿ ಸುರಿದು ಹೋಗುವುದು ದುರಸ್ತಿಯಲ್ಲ, ಹಾಜರಿ ಹಾಕುವುದು.

24 ಗಂಟೆ ನೀರು ಕೊಡುತ್ತೇವೆ ಎನ್ನುತ್ತಾರೆ. ಮೂರು ದಿನಕ್ಕೊಮ್ಮೆ ಕೊಡಲಾಗದವರು ದಿನವಿಡೀ ಹೇಗೆ ಕೊಡುತ್ತಾರೆ? (ಬಾಗಲಕೋಟೆ ಜಿಲ್ಲೆ)

ಕೊಂಕಿನ ಪ್ರಶ್ನೆಯಾದರೂ ಒಳ್ಳೆಯ ಪ್ರಶ್ನೆ. ದಿನವಿಡೀ ನೀರು ಎಂದರೆ ಹೆಚ್ಚು ನೀರು ಎಂದಲ್ಲ, ಪೈಪು ಸದಾ ತುಂಬಿರುವುದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ 2008ರಲ್ಲಿ ಇದನ್ನು ಮಾಡಿ ತೋರಿಸಿದರು. ಅಲ್ಲಿ ಹಳೇ ವಿತರಣಾ ಪೈಪುಗಳನ್ನು ಪೂರ್ತಿ ಬದಲಿಸಿ, ಮನೆ ಮನೆಗೆ ಮೀಟರ್ ಕೂರಿಸಿದ ಮೇಲೆ ಅದು ಸಾಧ್ಯವಾಯಿತು. ಹಳೇ ಪೈಪಿನಲ್ಲೇ ವಾಲ್ವು ತೆರೆದಿಟ್ಟರೆ ಸೋರಿಕೆಯೂ 24 ಗಂಟೆ.

ಬಿಟ್ಟು ಬಿಟ್ಟು ನೀರು ಕೊಡುವುದರಲ್ಲಿ ಇನ್ನೊಂದು ಕೇಡಿದೆ. ವಾಲ್ವು ಮುಚ್ಚಿದಾಗ ಪೈಪು ಬರಿದಾಗಿ, ತೂತುಗಳ ಮೂಲಕ ಅಕ್ಕಪಕ್ಕದ ಚರಂಡಿ ನೀರನ್ನು ಎಳೆದುಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಬರುವ ಕೆಂಪು ನೀರಿನಲ್ಲಿ ಅದೆಲ್ಲ ಇರುತ್ತದೆ. ಲೈನಿಗೇ ಮೋಟಾರು ಹಾಕಿ ಎಳೆಯುವವರು ಇದನ್ನು ಇಡೀ ಬೀದಿಗೆ ಹಂಚುತ್ತಾರೆ.

ನಿಮ್ಮ ಊರು ಸಿದ್ಧವಿದೆಯೇ ಎಂದು ತಿಳಿಯಲು ಒಂದು ರಾತ್ರಿ ಪರೀಕ್ಷೆ ಸಾಕು. ಒಂದು ಓವರ್‌ಹೆಡ್ ಟ್ಯಾಂಕಿನ ವಲಯವನ್ನು ಆರಿಸಿ, ಸಂಪುಗಳೆಲ್ಲ ತುಂಬುವವರೆಗೆ ನೀರು ಬಿಡಿ. ರಾತ್ರಿ 2ರಿಂದ 4ರ ನಡುವೆ, ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ಮಟ್ಟ ಎಷ್ಟು ಇಳಿಯುತ್ತದೆಂದು ಗುರುತಿಸಿ. 12 ಮೀಟರ್ ಅಡ್ಡಳತೆಯ ದುಂಡು ಟ್ಯಾಂಕಿನಲ್ಲಿ ಗಂಟೆಗೆ 10 ಸೆಂಮೀ ಇಳಿದರೆ 11,300 ಲೀಟರ್. ಆ ಹೊತ್ತಿನಲ್ಲಿ ಊರಲ್ಲಿ ಯಾರೂ ಬಟ್ಟೆ ಒಗೆಯುತ್ತಿರುವುದಿಲ್ಲ, ಬಹುಪಾಲು ಸೋರಿಕೆಯೇ. ಆಮೇಲೆ ಒಂದೊಂದೇ ಬೀದಿಯ ವಾಲ್ವು ಮುಚ್ಚುತ್ತಾ ಹೋಗಿ. ಯಾವ ವಾಲ್ವು ಮುಚ್ಚಿದಾಗ ಇಳಿತ ಥಟ್ಟನೆ ಕಡಿಮೆಯಾಗುತ್ತದೋ ಆ ಬೀದಿಯಲ್ಲಿ ಅಗೆಯಬೇಕು. ಮುಚ್ಚಿದ ವಾಲ್ವೇ ನೀರು ಬಿಡುತ್ತಿದ್ದರೆ ಪರೀಕ್ಷೆ ಕೆಡುತ್ತದೆ, ಹಾಗಾಗಿ ಹಿಂದಿನ ದಿನವೇ ವಾಲ್ವುಗಳನ್ನು ನೋಡಿಕೊಳ್ಳಿ.

ಮಾಹಿತಿ ಹಕ್ಕಿನಲ್ಲಿ "ರಸ್ತೆ ಕಾಮಗಾರಿಯ ಎಲ್ಲ ಮಾಹಿತಿ ಕೊಡಿ" ಎಂದು ಅರ್ಜಿ ಹಾಕಿದೆ. ಏನೂ ಉಪಯೋಗವಾಗಲಿಲ್ಲ. (ಚಿಕ್ಕಬಳ್ಳಾಪುರ ಜಿಲ್ಲೆ)

"ಎಲ್ಲ" ಎಂದರೆ ಏನೂ ಸಿಗುವುದಿಲ್ಲ. ಒಂದು ಕಾಮಗಾರಿಯ ಹೆಸರು, ವಾರ್ಡು, ವರ್ಷ ಬರೆದು ನಾಲ್ಕು ಕಾಗದ ಹೆಸರಿಸಿ ಕೇಳಿ: ತಾಂತ್ರಿಕ ಮಂಜೂರಾತಿ ಸಹಿತ ಅಂದಾಜು ಪಟ್ಟಿ, ಕೆಲಸದ ಆದೇಶ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ. ಕೆಲಸದ ಆದೇಶದಲ್ಲೇ ಗುತ್ತಿಗೆದಾರ ಎಷ್ಟು ಕಾಲ ದೋಷ ಸರಿಪಡಿಸಿಕೊಡಬೇಕು ಎಂಬ ಅವಧಿ ಇರುತ್ತದೆ. ಅದು ಮುಗಿಯುವ ಮೊದಲೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ಮುಗಿದು ಠೇವಣಿ ವಾಪಸಾದ ಮೇಲೆ ದುರಸ್ತಿ ಪುರಸಭೆಯ ತಲೆಗೆ. 2005ರ ಕಾಯ್ದೆಯಲ್ಲಿ ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ಹೊಸ ಯೋಜನೆಗೆ ದುಡ್ಡು ಎಲ್ಲಿಂದ? ನೀರಿನ ಕಂದಾಯ ಏರಿಸುತ್ತಾರೆಯೇ? (ವಿಜಯಪುರ ಜಿಲ್ಲೆ)

ಕಟ್ಟುವ ದುಡ್ಡು ಬೇರೆ, ನಡೆಸುವ ದುಡ್ಡು ಬೇರೆ. 2021ರ ಅಕ್ಟೋಬರ್‌ನಲ್ಲಿ ಶುರುವಾದ, ನಗರಗಳ ನೀರಿಗೆಂದು ಕೇಂದ್ರ ತಂದ ಅಮೃತ್ 2.0 ಯೋಜನೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಕೇಂದ್ರದ ಪಾಲು ಅರ್ಧ. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯದು. ನಡೆಸುವುದಕ್ಕೆ ಯಾರೂ ಕೊಡುವುದಿಲ್ಲ. 80 ಮೀಟರ್ ಎತ್ತರಕ್ಕೆ ಸಾವಿರ ಲೀಟರ್ ಎತ್ತಲು ಕರೆಂಟೇ ಸುಮಾರು 0.31 ಯೂನಿಟ್. ನೂರು ಲೀಟರಿನಲ್ಲಿ ನಲವತ್ತು ಸೋರಿದರೆ ಆ ನಲವತ್ತನ್ನು ಎತ್ತಿದ ಬಿಲ್ಲನ್ನೂ ಉಳಿದ ಅರವತ್ತು ಲೀಟರ್ ಕುಡಿದವರೇ ಕಟ್ಟುತ್ತಾರೆ. ಕಂದಾಯ ಏರಿಸುವ ವಿಷಯ ಸಭೆಗೆ ಬಂದಾಗ ಅನಧಿಕೃತ ಸಂಪರ್ಕಗಳ ಪಟ್ಟಿ ಮತ್ತು ಸೋರಿಕೆಯ ಅಂಕಿಯನ್ನು ಅದೇ ದಿನ ಮೇಜಿನ ಮೇಲಿಡಲು ಒತ್ತಾಯಿಸಿ.

ಹೊಸ ಪೈಪಿನಲ್ಲಿ ನೀರು ಬರಲು ಶುರುವಾಗಿದೆ. ಒಂದು ವಾರ ವಾಸನೆ ಇತ್ತು. ಸಂಪಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? (ರಾಯಚೂರು ಜಿಲ್ಲೆ)

ಹೊಸ ಪೈಪನ್ನು ತೊಳೆದು ಕ್ಲೋರಿನ್ ನೀರಿನಲ್ಲಿ ನೆನೆಸಿಟ್ಟ ಮೇಲೆಯೇ ಜೋಡಿಸಬೇಕು. ಅದಾಗಿದೆಯೇ ಎಂದು ಪುರಸಭೆಯಲ್ಲಿ ಕೇಳಿ. ಮನೆಯಲ್ಲಿ ಸಾವಿರ ಲೀಟರಿಗೆ 8 ಗ್ರಾಂ ತಾಜಾ ಪೌಡರ್ ಸಾಕು. ಬಕೆಟ್ ನೀರಿನಲ್ಲಿ ಕಲಕಿ, ಸುಣ್ಣ ತಳ ಕಂಡ ಮೇಲೆ ತಿಳಿಯನ್ನು ಮಾತ್ರ ಸಂಪಿಗೆ ಸುರಿದು, ಅರ್ಧ ಗಂಟೆ ಬಿಟ್ಟು ಬಳಸಿ. ಪೊಟ್ಟಣ ಬಿಚ್ಚಿಟ್ಟ ಹಳೇ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ನಿಮ್ಮ ಬೀದಿಯ ಕಟ್ಟಕಡೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ನೀರುಗಂಟಿಯ ಹತ್ತಿರ ಕ್ಲೋರೋಸ್ಕೋಪ್ (ಕ್ಲೋರಿನ್ ಅಳೆಯುವ ಸಾಧನ) ಇರುತ್ತದೆ, ನಿಮ್ಮೆದುರೇ ನೋಡಲು ಹೇಳಿ. ಟ್ಯಾಂಕಿನ ಬುಡದಲ್ಲಿ ತೆಗೆದ ಓದಿಗೆ ಬೆಲೆಯಿಲ್ಲ.